ಒಂದು ಪದದ ವ್ಯತ್ಯಾಸ: ಎಫ್‌ಡಿ ಅಂದುಕೊಂಡು ತೆಗೆದುಕೊಂಡ ಪಾಲಿಸಿಯನ್ನು 28ನೇ ದಿನ ವಾಪಸ್ ಮಾಡಿದ ಪ್ರಕರಣ

ನಮ್ಮ ಮನೆಯಲ್ಲಿ ಕಾಗದ ಓದುವ ಕೆಲಸ ನನ್ನದು. ಕರೆಂಟ್ ಬಿಲ್ ಜಾಸ್ತಿ ಬಂದರೂ ನನಗೇ ಫೋನ್, ಪೆನ್ಷನ್ ಅರ್ಜಿ ವಾಪಸ್ ಬಂದರೂ ನನಗೇ ಫೋನ್. ನವೆಂಬರ್ 27ರ ರಾತ್ರಿ ಚಿಕ್ಕಮ್ಮ ಫೋನ್ ಮಾಡಿ, "ಬ್ಯಾಂಕಲ್ಲಿ ಎಫ್‌ಡಿ ಮಾಡಿಸಿ ತಿಂಗಳಾಯ್ತು ಕಣೋ, ಸರ್ಟಿಫಿಕೇಟ್ ಇನ್ನೂ ಕೊಟ್ಟಿಲ್ಲ. ಒಂದು ಸಲ ವಿಚಾರಿಸ್ತೀಯಾ?" ಅಂದರು. ಬ್ಯಾಂಕಿನಿಂದ ಏನಾದರೂ ಮೆಸೇಜ್ ಬಂದಿದ್ದರೆ ಕಳಿಸಿ ಅಂದೆ. ಹತ್ತು ನಿಮಿಷ ಬಿಟ್ಟು ಒಂದು ಸ್ಕ್ರೀನ್‌ಶಾಟ್ ಬಂತು. ಅದರಲ್ಲಿ ಎಫ್‌ಡಿ ಅನ್ನೋ ಪದವೇ ಇರಲಿಲ್ಲ. "ನಿಮ್ಮ ಪಾಲಿಸಿ ದಾಖಲೆಯನ್ನು ಇ-ಮೇಲ್ ಮಾಡಲಾಗಿದೆ" ಅಂತ ಇತ್ತು. ತಾರೀಖು ನವೆಂಬರ್ 3.

ಎಫ್‌ಡಿಗೆ ಪಾಲಿಸಿ ನಂಬರ್ ಎಲ್ಲಿಂದ ಬರುತ್ತೆ?

ಚಿಕ್ಕಮ್ಮನಿಗೆ 58 ವರ್ಷ. ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡಿ ಬಿಟ್ಟಿದ್ದಾರೆ. ಚಿಕ್ಕಪ್ಪ ಇಲ್ಲ. ಮಗ ದುಡಿಯುತ್ತಾನೆ, ಬೇರೆ ಊರಲ್ಲಿದ್ದಾನೆ. ಅಕ್ಟೋಬರ್ ಕೊನೆಗೆ ಅವರ ಹಳೇ ಎಫ್‌ಡಿ ಒಂದು ಮುಗಿದಿತ್ತು. ಅದನ್ನು ರಿನ್ಯೂ ಮಾಡಿಸೋಕೆ ಬ್ಯಾಂಕಿಗೆ ಹೋದಾಗ ಅಲ್ಲಿದ್ದ ಹುಡುಗಿ ಪಕ್ಕದ ಟೇಬಲ್ಲಿಗೆ ಕರೆದು ಕೂರಿಸಿ, ವರ್ಷಕ್ಕೆ ಒಂದು ಲಕ್ಷ ಇಟ್ಟರೆ ಎಫ್‌ಡಿಗಿಂತ ಜಾಸ್ತಿ ಬರುತ್ತೆ, ಐದು ವರ್ಷ ಆದ್ಮೇಲೆ ಬೇಕಾದಾಗ ತೆಗೀಬಹುದು, ಜೊತೆಗೆ ಇನ್ಶೂರೆನ್ಸ್ ಫ್ರೀ ಅಂದಳಂತೆ. ಟ್ಯಾಬ್ ಮೇಲೆ ಸಹಿ, ಫೋನಿಗೆ ಬಂದ ಓಟಿಪಿ, ಆಮೇಲೆ ಒಂದು ವೆರಿಫಿಕೇಷನ್ ಕಾಲ್. "ಅವರು ಏನು ಕೇಳಿದ್ರೂ ಹೌದು ಅನ್ನಿ ಆಂಟಿ, ಇಲ್ಲಾಂದ್ರೆ ಸಿಸ್ಟಂ ತಗೊಳಲ್ಲ" ಅಂತ ಮೊದಲೇ ಹೇಳಿಕೊಟ್ಟಿದ್ದಳು. ಚಿಕ್ಕಮ್ಮ ಎಲ್ಲದಕ್ಕೂ ಹೌದು ಅಂದಿದ್ದಾರೆ.

ಅವತ್ತು ರಾತ್ರಿಯೇ ಅವರ ಮನೆಗೆ ಹೋಗಿ ಮೇಲ್ ತೆರೆಸಿದೆ. ಅದು ಯಾವ ಕಾಲದಲ್ಲೋ ಮಗ ಮಾಡಿಕೊಟ್ಟ ಅಕೌಂಟ್. ಚಿಕ್ಕಮ್ಮ ಅದನ್ನು ತೆರೆದು ನೋಡಿದ್ದೇ ಇಲ್ಲ. ಪಿಡಿಎಫ್‌ಗೆ ಪಾಸ್‌ವರ್ಡ್ ಬೇರೆ. ಹೆಸರಿನ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ತೆರೆದರೆ 40 ಚಿಲ್ಲರೆ ಪುಟ.

ಇಂಥ ಬಾಂಡ್, ಅಂದರೆ ಪಾಲಿಸಿ ದಾಖಲೆ, ಕೈಗೆ ಬಂದಾಗ ಮೊದಲ ಪುಟದಿಂದ ಓದೋಕೆ ಹೊರಟರೆ ಸುಸ್ತಾಗುತ್ತೆ. ನಾನು ಮೊದಲು ಹುಡುಕೋದು ಶೆಡ್ಯೂಲ್. ಒಂದು ಪುಟದ ಕೋಷ್ಟಕ, ಇಡೀ ವ್ಯವಹಾರ ಅದರಲ್ಲೇ ಇರುತ್ತೆ. ಬಾಯಲ್ಲಿ ಯಾರು ಏನೇ ಹೇಳಿರಲಿ, ನಾಳೆ ಜಗಳ ಬಂದರೆ ನಿಲ್ಲೋದು ಈ ಪುಟ. ಚಿಕ್ಕಮ್ಮನ ಶೆಡ್ಯೂಲ್‌ನಲ್ಲಿ ಹೀಗಿತ್ತು: ವಾರ್ಷಿಕ ಪ್ರೀಮಿಯಂ 1,00,000 ರೂಪಾಯಿ. ಪ್ರೀಮಿಯಂ ಕಟ್ಟುವ ಅವಧಿ 10 ವರ್ಷ. ಪಾಲಿಸಿ ಅವಧಿ 15 ವರ್ಷ. ಸಮ್ ಅಶ್ಯೂರ್ಡ್, ಅಂದರೆ ವಿಮಾ ಮೊತ್ತ, 10,00,000 ರೂಪಾಯಿ.

ಐದು ವರ್ಷ ಅನ್ನೋ ಮಾತು ಎಲ್ಲೂ ಇಲ್ಲ. ಹತ್ತು ವರ್ಷ ಕಟ್ಟಬೇಕು, ಹದಿನೈದು ವರ್ಷ ಕಾಯಬೇಕು. ಅಷ್ಟೊತ್ತಿಗೆ ಚಿಕ್ಕಮ್ಮನಿಗೆ 73 ಆಗಿರುತ್ತೆ. ಪೆನ್ಷನ್ ಕೂಡ ಇಲ್ಲದವರು ವರ್ಷಾ ವರ್ಷ ಒಂದು ಲಕ್ಷ ಎಲ್ಲಿಂದ ತರಬೇಕು ಅನ್ನೋದನ್ನು ಆ ಟೇಬಲ್ಲಿನಲ್ಲಿ ಯಾರೂ ಕೇಳಿರಲಿಲ್ಲ.

ಮುಂದಿನದು ಲಾಭದ ಅಂದಾಜು ಪಟ್ಟಿ. ಬೋನಸ್ ಇರುವ ಪಾಲಿಸಿಗಳಲ್ಲಿ ಇದನ್ನು ಎರಡು ಲೆಕ್ಕದಲ್ಲಿ ತೋರಿಸಬೇಕು ಅಂತ ನಿಯಮ ಇದೆ. ಕಂಪನಿ ಹೂಡಿದ ಹಣಕ್ಕೆ ಶೇ. 4 ಬಂದರೆ ಎಷ್ಟು, ಶೇ. 8 ಬಂದರೆ ಎಷ್ಟು. ಇಲ್ಲೇ ಬಹಳ ಜನ ಜಾರೋದು. ಶೇ. 8 ಅಂದ ತಕ್ಷಣ ನಮ್ಮ ದುಡ್ಡಿಗೆ ಶೇ. 8 ಬಡ್ಡಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಂಪನಿಯ ಖರ್ಚು, ಕಮಿಷನ್, ವಿಮೆಯ ವೆಚ್ಚ ಎಲ್ಲ ಕಳೆದು ಉಳಿದಿದ್ದು ನಮಗೆ. ಚಿಕ್ಕಮ್ಮನ ಪಟ್ಟಿಯಲ್ಲಿ 15ನೇ ವರ್ಷದ ಕೊನೆಗೆ ಶೇ. 8ರ ಕಾಲಂನಲ್ಲಿ 16,20,000 ರೂಪಾಯಿ, ಶೇ. 4ರ ಕಾಲಂನಲ್ಲಿ 11,40,000 ರೂಪಾಯಿ. ಹತ್ತು ಲಕ್ಷ ಕಟ್ಟಿದ್ದಕ್ಕೆ ಹದಿನಾರು ಲಕ್ಷ ಅಂದರೆ ಕೇಳೋಕೆ ಚೆನ್ನಾಗಿದೆ. ಸ್ಪ್ರೆಡ್‌ಶೀಟ್‌ಗೆ ಹಾಕಿ ನೋಡಿದೆ. ಮೊದಲನೆಯದು ವರ್ಷಕ್ಕೆ ಸುಮಾರು ಶೇ. 4.6, ಎರಡನೆಯದು ಶೇ. 1.25. ಎರಡಕ್ಕೂ ಗ್ಯಾರಂಟಿ ಇಲ್ಲ ಅಂತ ಅದೇ ಪುಟದ ಕೆಳಗೆ ಬರೆದಿದೆ.

"ಬ್ಯಾಂಕಿನದಲ್ವಾ, ಸರ್ಕಾರದ ಗ್ಯಾರಂಟಿ ಇರುತ್ತಲ್ಲ" ಅಂದರು ಚಿಕ್ಕಮ್ಮ. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇರುವುದು ನಿಜ. ಆದರೆ ಇದು ಠೇವಣಿಯೇ ಅಲ್ಲ. ಬ್ಯಾಂಕ್ ಇಲ್ಲಿ ಬರೀ ಏಜೆಂಟ್. ದುಡ್ಡು ಹೋಗಿರೋದು ವಿಮಾ ಕಂಪನಿಗೆ. ಈ ವ್ಯತ್ಯಾಸ ಮುಂದೆ ಮತ್ತೆ ಬರುತ್ತೆ.

ನನಗೆ ನಿಜಕ್ಕೂ ಭಯ ಆಗಿದ್ದು ಕೊನೆಯ ಪುಟಗಳಲ್ಲಿ. ಬಾಂಡ್‌ನ ಹಿಂದೆ ಪ್ರಪೋಸಲ್ ಫಾರ್ಮಿನ, ಅಂದರೆ ಪಾಲಿಸಿ ಕೇಳಿ ಕೊಟ್ಟ ಅರ್ಜಿಯ, ಪ್ರತಿ ಇರುತ್ತೆ. ಅದನ್ನು ಯಾರೂ ನೋಡಲ್ಲ. ಅದರಲ್ಲಿ ಚಿಕ್ಕಮ್ಮನ ಉದ್ಯೋಗ "ಸ್ವಂತ ಉದ್ಯೋಗ", ವರ್ಷದ ಆದಾಯ 6 ಲಕ್ಷ. ರಕ್ತದೊತ್ತಡ ಇದೆಯೇ? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಯಾವುದಾದರೂ ಮಾತ್ರೆ ಸೇವಿಸುತ್ತಿದ್ದೀರಾ? ಇಲ್ಲ. ಪ್ರಶ್ನೆಗಳ ಸಾಲಿಗೆ ಸಾಲೇ "ಇಲ್ಲ". ನಾನು ಇದನ್ನು ಓದುವಾಗ ಚಿಕ್ಕಮ್ಮನ ಬಿಪಿ ಮಾತ್ರೆ ಡಬ್ಬಿ ಟಿವಿ ಪಕ್ಕದಲ್ಲೇ ಇತ್ತು. ಎಂಟು ವರ್ಷದಿಂದ ತಗೊಳ್ತಿದ್ದಾರೆ.

"ನನ್ನನ್ನ ಇದೆಲ್ಲ ಕೇಳಲೇ ಇಲ್ಲ" ಅಂದರು. ಕೇಳಿಲ್ಲ, ನಿಜ. ಆದರೆ ಕೆಳಗೆ ಸಹಿ ಅವರದು. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಪಾಲಿಸಿ ಶುರುವಾಗಿ ಮೂರು ವರ್ಷ ದಾಟಿದ ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನೆ ಮಾಡುವಂತಿಲ್ಲ. ಮೂರು ವರ್ಷದೊಳಗೆ ಮಾತ್ರ, ಕಾಯಿಲೆ ಮುಚ್ಚಿಟ್ಟಿದ್ದಾರೆ ಅಂತ ತೋರಿಸಿ ಕ್ಲೇಮ್ ತಿರಸ್ಕರಿಸಬಹುದು. ಅಂದರೆ ಚಿಕ್ಕಮ್ಮ ಒಂದು ಲಕ್ಷ ಕಟ್ಟಿ ಕೊಂಡ ಆ ಹತ್ತು ಲಕ್ಷದ ರಕ್ಷಣೆ ಮೊದಲ ಮೂರು ವರ್ಷ ದಾರದ ಮೇಲೆ ನಿಂತಿತ್ತು. ಫ್ರೀ ಅಂತ ಕೊಟ್ಟ ಇನ್ಶೂರೆನ್ಸ್ ಇದು.

ಆಗ ರಾತ್ರಿ ಹನ್ನೊಂದೂವರೆ. ದಿನ ಎಣಿಸಿದೆವು.

ಭಾರತದಲ್ಲಿ ಜೀವ ವಿಮೆ ತೆಗೆದುಕೊಂಡವರಿಗೆ ಫ್ರೀ ಲುಕ್ ಅಂತ ಒಂದು ಅವಕಾಶ ಇದೆ. ಬಾಂಡ್ ಓದಿ, ಶರತ್ತು ಒಪ್ಪಿಗೆಯಾಗದಿದ್ದರೆ ವಾಪಸ್ ಕೊಡಬಹುದು. ಮೊದಲು ಇದಕ್ಕೆ ಸಾಮಾನ್ಯವಾಗಿ 15 ದಿನ ಇತ್ತು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರಲ್ಲಿ ತಂದ ಪಾಲಿಸಿದಾರರ ಹಿತರಕ್ಷಣೆಯ ನಿಯಮಗಳಲ್ಲಿ ಎಲ್ಲರಿಗೂ 30 ದಿನ ಮಾಡಿದೆ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಆರೋಗ್ಯ ವಿಮೆಗೂ ಇದು ಉಂಟು, ಆದರೆ ಮೊದಲ ಸಲ ಕೊಂಡಾಗ ಮಾತ್ರ, ರಿನ್ಯೂವಲ್‌ಗೆ ಇಲ್ಲ. 30 ದಿನ ಶುರುವಾಗೋದು ಸಹಿ ಹಾಕಿದ ದಿನದಿಂದ ಅಲ್ಲ, ಬಾಂಡ್ ಕೈಸೇರಿದ ದಿನದಿಂದ. ಕೈಸೇರಿದ್ದು ಮೇಲ್‌ನಲ್ಲಾದರೂ ಸರಿಯೇ, ಅದೂ ಲೆಕ್ಕಕ್ಕೆ ಬರುತ್ತೆ. ಮೇಲ್ ತೆರೆಯದೆ ಬಿಟ್ಟಿದ್ದು ನಮ್ಮ ಕರ್ಮ. ನವೆಂಬರ್ 3ಕ್ಕೆ 30 ಸೇರಿಸಿದರೆ ಡಿಸೆಂಬರ್ 3. ನಮ್ಮ ಕೈಯಲ್ಲಿದ್ದದ್ದು ಆರು ದಿನ, ಅದರಲ್ಲಿ ಶನಿವಾರ ಭಾನುವಾರ ಬೇರೆ.

ಮರುದಿನ ಶುಕ್ರವಾರ ನಾನೂ ಜೊತೆಗೆ ಬ್ಯಾಂಕಿಗೆ ಹೋದೆ. ಆ ಹುಡುಗಿ ರಜೆ. ಮ್ಯಾನೇಜರ್ ಚೆನ್ನಾಗೇ ಮಾತಾಡಿದರು. "ಒಳ್ಳೇ ಪ್ರಾಡಕ್ಟ್ ಸಾರ್, ಯಾಕೆ ತೆಗೀತೀರಾ? ಅವರು ಬುಧವಾರ ಬರ್ತಾರೆ, ಅವತ್ತು ಬನ್ನಿ, ಮಾಡಿಕೊಡೋಣ." ಬುಧವಾರ ಅಂದರೆ ಡಿಸೆಂಬರ್ 3. ಗೊತ್ತಿದ್ದು ಹೇಳಿದರೋ ಗೊತ್ತಿಲ್ಲದೆ ಹೇಳಿದರೋ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಇವತ್ತೇ ಅರ್ಜಿ ಕೊಡಬೇಕು ಅಂತ ಕೂತೆ. ಕೊನೆಗೆ ಒಳಗಿಂದ ಒಂದು ಫಾರ್ಮ್ ತಂದುಕೊಟ್ಟರು. "ಇಲ್ಲಿ, ಇಲ್ಲಿ ಸಹಿ ಹಾಕಿಸಿ, ನಾವೇ ಕಳಿಸ್ತೀವಿ."

ಚಿಕ್ಕಮ್ಮ ಪೆನ್ ತೆಗೆದಿದ್ದರು. ಫಾರ್ಮಿನ ತಲೆಬರಹ ನೋಡಿದೆ: ಸರೆಂಡರ್ ಅರ್ಜಿ.

ಈ ಪ್ರಕರಣದಲ್ಲಿ ದುಡ್ಡು ಉಳಿದಿದ್ದು ಆ ಒಂದು ಸಾಲಿನಿಂದ. ಪಾಲಿಸಿ "ಕ್ಯಾನ್ಸಲ್" ಮಾಡೋದು ಅಂತ ನಾವು ಬಾಯಲ್ಲಿ ಒಂದೇ ಪದ ಹೇಳುತ್ತೇವೆ. ಕಾಗದದ ಮೇಲೆ ಅವು ಬೇರೆ ಬೇರೆ ಬಾಗಿಲು. ಫ್ರೀ ಲುಕ್ ಅಂದರೆ ವ್ಯವಹಾರವೇ ಬೇಡ ಅಂತ ಬಾಂಡ್ ತಿರುಗಿಸುವುದು, ಸಣ್ಣಪುಟ್ಟ ಕಡಿತ ಬಿಟ್ಟು ದುಡ್ಡೆಲ್ಲ ವಾಪಸ್. ಸರೆಂಡರ್ ಅಂದರೆ ನಡೆಯುತ್ತಿರುವ ಪಾಲಿಸಿಯನ್ನು ಮಧ್ಯದಲ್ಲಿ ಒಪ್ಪಿಸಿಬಿಡುವುದು, ಆಗ ಸಿಗೋದು ಸರೆಂಡರ್ ಮೌಲ್ಯ ಮಾತ್ರ. 2024ರ ಅಕ್ಟೋಬರ್ 1ರಿಂದ ಬಂದ ಹೊಸ ನಿಯಮದಲ್ಲಿ ಒಂದು ವರ್ಷದ ಪ್ರೀಮಿಯಂ ಪೂರ್ತಿ ಕಟ್ಟಿ, ಒಂದು ವರ್ಷ ಮುಗಿದ ಮೇಲೆ ವಿಶೇಷ ಸರೆಂಡರ್ ಮೌಲ್ಯ ಅಂತ ಸ್ವಲ್ಪ ಸಿಗುತ್ತೆ. ಮೊದಲು ಅದೂ ಇರಲಿಲ್ಲ. ಎರಡು ವರ್ಷ ಕಟ್ಟಿದರೆ ಖಾತ್ರಿಯಾಗಿ ಸಿಗೋದು ಕಟ್ಟಿದ್ದರ ಶೇ. 30. ನಾಲ್ಕರಿಂದ ಏಳನೇ ವರ್ಷದವರೆಗೆ ಶೇ. 50. ಚಿಕ್ಕಮ್ಮನ ಪಾಲಿಸಿಗೆ ಇನ್ನೂ ತಿಂಗಳು ತುಂಬಿಲ್ಲ. ಅವರ ಸರೆಂಡರ್ ಮೌಲ್ಯ ಸೊನ್ನೆ. ಆ ಫಾರ್ಮಿಗೆ ಸಹಿ ಹಾಕಿದ್ದರೆ "ಅರ್ಹತೆ ಇಲ್ಲ" ಅಂತ ಹದಿನೈದು ದಿನ ಬಿಟ್ಟು ವಾಪಸ್ ಬರುತ್ತಿತ್ತು, ಅಷ್ಟರಲ್ಲಿ 30 ದಿನ ಕಳೆದಿರುತ್ತಿತ್ತು.

ಮೂರನೇ ಬಾಗಿಲೂ ಇದೆ, ಸುಮ್ನೆ ಮುಂದಿನ ಕಂತು ಕಟ್ಟದೆ ಬಿಡುವುದು. ವಾರ್ಷಿಕ ಕಂತಿಗೆ 30 ದಿನದ ಗ್ರೇಸ್, ಅಂದರೆ ಹೆಚ್ಚುವರಿ ಗಡುವು, ಕಳೆದ ಮೇಲೆ ಪಾಲಿಸಿ ಲ್ಯಾಪ್ಸ್, ನಿಂತೇ ಹೋಗುತ್ತೆ. ಒಂದೇ ಕಂತು ಕಟ್ಟಿ ಕೈಬಿಟ್ಟವರ ದುಡ್ಡು ಹೆಚ್ಚಾಗಿ ಹೋಗಿರೋದು ಹೀಗೆಯೇ.

ಫಾರ್ಮ್ ವಾಪಸ್ ಕೊಟ್ಟು ಮನೆಗೆ ಬಂದು, ಅದೇ ಸಂಜೆ ವಿಮಾ ಕಂಪನಿಯ ಗ್ರಾಹಕ ಸೇವೆಯ ವಿಳಾಸಕ್ಕೂ ದೂರು ಅಧಿಕಾರಿಯ ವಿಳಾಸಕ್ಕೂ ಚಿಕ್ಕಮ್ಮನ ಮೇಲ್‌ನಿಂದಲೇ ಬರೆದೆವು. ಎರಡೂ ವಿಳಾಸ ಬಾಂಡ್‌ನಲ್ಲೇ ಇರುತ್ತವೆ. ಪತ್ರ ಉದ್ದ ಮಾಡಲಿಲ್ಲ:

"ಪಾಲಿಸಿ ಸಂಖ್ಯೆ ಇಂಥದ್ದು. ಬಾಂಡ್ ನನಗೆ ಇ-ಮೇಲ್ ಮೂಲಕ ನವೆಂಬರ್ 3ರಂದು ತಲುಪಿದೆ. ಪ್ರೀಮಿಯಂ ಕಟ್ಟುವ ಅವಧಿ ಮತ್ತು ಪಾಲಿಸಿ ಅವಧಿ ನನಗೆ ತಿಳಿಸಿದ ಹಾಗಿಲ್ಲ. ಪ್ರಪೋಸಲ್ ಫಾರ್ಮಿನಲ್ಲಿ ನನ್ನ ಆದಾಯ ಮತ್ತು ಆರೋಗ್ಯದ ವಿವರ ತಪ್ಪಾಗಿದೆ. ಆದ್ದರಿಂದ ಫ್ರೀ ಲುಕ್ ಅವಧಿಯೊಳಗೆ ಪಾಲಿಸಿಯನ್ನು ಹಿಂದಿರುಗಿಸುತ್ತಿದ್ದೇನೆ. ಇದು ಸರೆಂಡರ್ ಅರ್ಜಿ ಅಲ್ಲ. ಯಾವ ಕ್ಲೇಮ್ ಕೂಡ ಮಾಡಿಲ್ಲ. ಹಣವನ್ನು ಕೆಳಗಿನ ಖಾತೆಗೆ ಹಾಕಿ."

"ಇದು ಸರೆಂಡರ್ ಅರ್ಜಿ ಅಲ್ಲ" ಅನ್ನೋ ಸಾಲು ಬೇಕಾ ಅಂತ ಚಿಕ್ಕಮ್ಮ ಕೇಳಿದರು. ಬ್ಯಾಂಕಿನಲ್ಲಿ ಆಗಿದ್ದು ನೋಡಿದ ಮೇಲೆ ಬೇಕೇ ಬೇಕು ಅನ್ನಿಸಿತ್ತು. ಜೊತೆಗೆ ಕ್ಯಾನ್ಸಲ್ ಮಾಡಿದ ಚೆಕ್ಕಿನ ಫೋಟೋ, ಗುರುತಿನ ಚೀಟಿ ಸೇರಿಸಿದೆವು.

ಮೇಲ್ ಒಂದನ್ನೇ ನಂಬಿ ಕೂರೋಕೆ ಮನಸ್ಸಾಗಲಿಲ್ಲ. ಡಿಸೆಂಬರ್ 1, ಸೋಮವಾರ, ಬ್ಯಾಂಕ್ ಬಿಟ್ಟು ನೇರವಾಗಿ ವಿಮಾ ಕಂಪನಿಯ ಶಾಖೆಗೆ ಹೋದೆವು. ಬ್ಯಾಂಕಿಗೆ ಕೊಟ್ಟ ಅರ್ಜಿ ಕಂಪನಿಗೆ ಯಾವತ್ತು ತಲುಪುತ್ತೆ ಅನ್ನೋದು ಬ್ಯಾಂಕಿನ ಕೈಯಲ್ಲಿರುತ್ತೆ. ಕಂಪನಿಗೇ ಕೊಟ್ಟರೆ ಅವತ್ತೇ ಮೊಹರು. ಎರಡು ಪ್ರತಿ ತೆಗೆದುಕೊಂಡು ಹೋಗಿದ್ದೆವು. ಒಂದರ ಮೇಲೆ ತಾರೀಖು, ಮೊಹರು, ಸಹಿ ಹಾಕಿಸಿ ವಾಪಸ್ ತಂದೆವು. ಕೌಂಟರಿನಲ್ಲಿದ್ದವರು ಕಂಪ್ಯೂಟರಿನಲ್ಲಿ ಎಂಟ್ರಿ ಮಾಡುವಾಗ ಕಾರಣದ ಕಾಲಂನಲ್ಲಿ "ಹಣದ ಅಗತ್ಯ" ಅಂತ ಆರಿಸಿದ್ದು ಕಣ್ಣಿಗೆ ಬಿತ್ತು. ಪತ್ರದಲ್ಲಿ ಬರೆದಿದ್ದನ್ನೇ ಹಾಕಿ ಅಂದೆ. ಮುಖ ಸಣ್ಣಗೆ ಮಾಡಿಕೊಂಡು ಬದಲಾಯಿಸಿದರು.

ಆಮೇಲೆ ಫೋನ್‌ಗಳು ಶುರು. ಎರಡು ದಿನದಲ್ಲಿ ಏಳು ಕಾಲ್. ಒಬ್ಬರು ಬೋನಸ್ ಬಗ್ಗೆ, ಒಬ್ಬರು ಟ್ಯಾಕ್ಸ್ ಬಗ್ಗೆ. ಚಿಕ್ಕಮ್ಮನ ಆದಾಯಕ್ಕೆ ಟ್ಯಾಕ್ಸೇ ಬರಲ್ಲ, ಮೇಲಾಗಿ ಹೊಸ ತೆರಿಗೆ ಪದ್ಧತಿಯಲ್ಲಿ ವಿಮಾ ಪ್ರೀಮಿಯಂಗೆ ತೆರಿಗೆ ವಿನಾಯಿತಿ ಸಿಗಲ್ಲ. ಇನ್ನೊಬ್ಬರು ಮಾತ್ರ ಸರಿಯಾದ ಪ್ರಶ್ನೆ ಕೇಳಿದರು: "ಹತ್ತು ಲಕ್ಷದ ಕವರ್ ಹೋಗುತ್ತಲ್ಲ ಮೇಡಂ, ಪರವಾಗಿಲ್ವಾ?" ಇದಕ್ಕೆ ಉತ್ತರ ಯೋಚಿಸಬೇಕಾದ್ದೇ. ಚಿಕ್ಕಮ್ಮನ ದುಡಿಮೆ ನಂಬಿಕೊಂಡು ಬದುಕುತ್ತಿರುವವರು ಯಾರಾದರೂ ಇದ್ದಾರಾ? ಇಲ್ಲ. ಸಾಲ ಇದೆಯಾ? ಇಲ್ಲ. ಹಾಗಾದರೆ ಅವರಿಗೆ ಜೀವ ವಿಮೆಯೇ ಬೇಡ. ಮನೆಯಲ್ಲಿ ಓದುವ ಮಕ್ಕಳಿರುವ 35ರ ದುಡಿಯುವವರು ಹೀಗೆ ಪಾಲಿಸಿ ತಿರುಗಿಸಲು ಹೊರಟಿದ್ದರೆ, ಮೊದಲು ಒಂದು ಟರ್ಮ್ ಪಾಲಿಸಿ (ಉಳಿತಾಯ ಇಲ್ಲದ, ಬರೀ ಜೀವ ವಿಮೆ) ಕೈಗೆ ಬರಲಿ, ಆಮೇಲೆ ಇದನ್ನು ಬಿಡಿ ಅನ್ನುತ್ತಿದ್ದೆ.

ನಿಯಮದ ಪ್ರಕಾರ ಫ್ರೀ ಲುಕ್ ಅರ್ಜಿ ತಲುಪಿದ 7 ದಿನದೊಳಗೆ ಹಣ ವಾಪಸ್ ಮಾಡಬೇಕು. ನಾವು ಎಣಿಸಿದ್ದು ಮೇಲ್ ಕಳಿಸಿದ ದಿನದಿಂದ, ಅವರು ಎಣಿಸಿದ್ದು ಮೊಹರು ಬಿದ್ದ ದಿನದಿಂದ. ಡಿಸೆಂಬರ್ 8ಕ್ಕೆ 99,048 ರೂಪಾಯಿ ಬಂತು. ಕಡಿತ 952. ಅದರಲ್ಲಿ 752 ರೂಪಾಯಿ ಅಷ್ಟು ದಿನ ಹತ್ತು ಲಕ್ಷದ ಅಪಾಯ ಹೊತ್ತಿದ್ದಕ್ಕೆ, 200 ರೂಪಾಯಿ ಸ್ಟ್ಯಾಂಪ್ ಡ್ಯೂಟಿ. ಸಾವಿರಕ್ಕೆ 20 ಪೈಸೆಯಂತೆ ಹತ್ತು ಲಕ್ಷಕ್ಕೆ ಲೆಕ್ಕ ಸರಿಹೋಯಿತು. ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚನ್ನೂ ಹಿಡಿದುಕೊಳ್ಳುತ್ತಿದ್ದರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲದ ಕಾರಣ ತೆರಿಗೆಯ ಸಾಲು ಇರಲಿಲ್ಲ.

ದುಡ್ಡು ಬಂದ ಖುಷಿಯಲ್ಲಿ ಚಿಕ್ಕಮ್ಮ ಇನ್ನೊಂದು ಕವರ್ ತಂದು ಟೇಬಲ್ ಮೇಲೆ ಹಾಕಿದರು. "ಇದನ್ನೂ ಕ್ಯಾನ್ಸಲ್ ಮಾಡಿಸಿಬಿಡು. ಇನ್ಶೂರೆನ್ಸ್ ಸಹವಾಸವೇ ಬೇಡ." ಅದು ಅವರ ಆರೋಗ್ಯ ವಿಮೆ. ಮೂರು ಲಕ್ಷದ್ದು, ನಾಲ್ಕನೇ ವರ್ಷ ನಡೆಯುತ್ತಿದೆ.

ಕ್ಯಾನ್ಸಲ್ ಮಾಡೋದು ಸುಲಭವೇ. ಆರೋಗ್ಯ ವಿಮೆಯನ್ನು ಯಾವಾಗ ಬೇಕಾದರೂ 7 ದಿನದ ಲಿಖಿತ ನೋಟಿಸ್ ಕೊಟ್ಟು ನಿಲ್ಲಿಸಬಹುದು. ಒಂದು ವರ್ಷದ ಪಾಲಿಸಿಯಾಗಿದ್ದು ಆ ವರ್ಷ ಕ್ಲೇಮ್ ಮಾಡಿರದಿದ್ದರೆ ಉಳಿದ ದಿನಗಳ ಪ್ರೀಮಿಯಂ ಲೆಕ್ಕ ಹಾಕಿ ವಾಪಸ್ ಕೊಡಬೇಕು. ಆದರೆ ನಾನು ಬೇಡ ಅಂದೆ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಈ ಪಾಲಿಸಿಯಲ್ಲಿ ಬಿಪಿಯನ್ನು ಮೊದಲೇ ನಮೂದಿಸಿದ್ದರು, ಆ ಮೂರು ವರ್ಷ ಮುಗಿದಿದೆ. ಸತತ 60 ತಿಂಗಳು ತುಂಬಿದ ಮೇಲೆ, ವಂಚನೆ ಸಾಬೀತಾಗದ ಹೊರತು, ವಿಷಯ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಿರಸ್ಕರಿಸುವಂತಿಲ್ಲ. ಅದಕ್ಕೂ ಹತ್ತಿರ ಬಂದಿದ್ದಾರೆ. ಇವತ್ತು ಬಿಟ್ಟು ನಾಳೆ ಹೊಸದು ಕೊಂಡರೆ ಎಲ್ಲ ಮೊದಲಿನಿಂದ.

ಹಾಗಂತ ಅದು ಒಳ್ಳೇ ಪಾಲಿಸಿ ಅಂತಲ್ಲ. ಒಳಗೆ ಒಂದು ಸಾಲು ಸಿಕ್ಕಿತು: ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1. ಅಂದರೆ 3,000 ರೂಪಾಯಿ. "ಜಾಸ್ತಿ ಬಾಡಿಗೆಯ ರೂಮ್ ತಗೊಂಡ್ರೆ ಮೇಲಿನದು ನಾನು ಕೊಟ್ಟರಾಯ್ತಲ್ಲ" ಅಂದರು. ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ದಿನಕ್ಕೆ 6,000ದ ರೂಮಿನಲ್ಲಿ ಮಲಗಿದರೆ ಮಿತಿಯ ಎರಡರಷ್ಟಾಯಿತು. ಆಗ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು ಕೂಡ ಅರ್ಧಕ್ಕೆ ಇಳಿಯುತ್ತೆ. ಆ ಬಾಬ್ತು 80,000 ಆಗಿದ್ದರೆ ಕಂಪನಿ ಕೊಡೋದು 40,000. ಔಷಧಿ, ದೇಹದೊಳಗೆ ಹಾಕುವ ಉಪಕರಣ, ಲ್ಯಾಬ್ ಪರೀಕ್ಷೆಗೆ ಮಾತ್ರ ಈ ಅನುಪಾತದ ಕಡಿತ ಹಾಕುವಂತಿಲ್ಲ. ಕ್ಯಾನ್ಸಲ್ ಮಾಡುವ ಬದಲು ರಿನ್ಯೂವಲ್‌ಗೆ ಮುಂಚೆ ರೂಮ್ ಬಾಡಿಗೆ ಮಿತಿ ಇಲ್ಲದ ಬೇರೆ ಕಂಪನಿಯ ಪಾಲಿಸಿಗೆ ಪೋರ್ಟ್ ಮಾಡುವುದು, ಅಂದರೆ ವರ್ಗಾಯಿಸಿಕೊಳ್ಳುವುದು, ಅಂತ ತೀರ್ಮಾನವಾಯಿತು. ಕಾಯ್ದು ಕಳೆದ ವರ್ಷಗಳು ಹಳೇ ಮೂರು ಲಕ್ಷದ ಮಟ್ಟಿಗೆ ಜೊತೆಗೇ ಬರುತ್ತವೆ.

ಒಂದು ಕೆಲಸ ಮರೆತಿದ್ದೆವು. ಟ್ಯಾಬ್ ಮೇಲೆ ಹಾಕಿದ ಸಹಿಗಳಲ್ಲಿ ಒಂದು ಆಟೋ ಡೆಬಿಟ್‌ಗೆ. ಪಾಲಿಸಿ ಹೋದರೂ ಆ ಮ್ಯಾಂಡೇಟ್ ಖಾತೆಯಲ್ಲಿ ಹಾಗೇ ಕೂತಿತ್ತು. ಅದನ್ನು ರದ್ದು ಮಾಡಿಸಲು ಮತ್ತೆ ಅದೇ ಬ್ಯಾಂಕಿಗೆ ಹೋದಾಗ ರಜೆ ಮುಗಿಸಿ ಬಂದಿದ್ದ ಹುಡುಗಿಯೇ ಫಾರ್ಮ್ ಕೊಟ್ಟಳು. ಇಬ್ಬರೂ ಪಾಲಿಸಿಯ ಮಾತೆತ್ತಲಿಲ್ಲ. ಚಿಕ್ಕಮ್ಮ ಅವಳ ಮದುವೆ ಯಾವಾಗ ಅಂತ ಕೇಳಿದರು.

ತಪ್ಪು ಹೇಳಿ ಮಾರಿದ್ದಕ್ಕೆ, ಫಾರ್ಮಿನಲ್ಲಿ ಸುಳ್ಳು ತುಂಬಿದ್ದಕ್ಕೆ ದೂರು ಕೊಡಬೇಕು ಅಂತ ನನ್ನ ವಾದ. ಮೊದಲು ಕಂಪನಿಯ ದೂರು ವಿಭಾಗ, ಅಲ್ಲಿ ಆಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ 155255 ಸಂಖ್ಯೆ. ಹಣ ಸಿಕ್ಕಿರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೂ ಹೋಗಬಹುದಿತ್ತು. ಅಲ್ಲಿ ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪ್ರಕರಣ ನೋಡುತ್ತಾರೆ. ಚಿಕ್ಕಮ್ಮ ಕೇಳಲಿಲ್ಲ. "ಟಾರ್ಗೆಟ್ ಕೊಟ್ಟವರನ್ನ ಬಿಟ್ಟು ಅವಳ ಕೆಲಸ ತೆಗೀತಾರೆ, ಬೇಡ" ಅಂದರು. ಪ್ರಪೋಸಲ್ ಫಾರ್ಮಿನ ಆ ಪುಟ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತೆ. ದೂರನ್ನು ಬರೆದಂತೂ ಇಟ್ಟಿದ್ದೇನೆ. ಚಿಕ್ಕಮ್ಮನ ಮೇಲ್‌ನ ಡ್ರಾಫ್ಟ್‌ನಲ್ಲಿದೆ. ಈಗ ಅವರು ದಿನಾ ಬೆಳಿಗ್ಗೆ ಮೇಲ್ ತೆರೆದು ನೋಡುತ್ತಾರೆ, ಅದೂ ಅವರ ಕಣ್ಣಿಗೆ ಬೀಳುತ್ತಲೇ ಇರುತ್ತೆ.